ಹಣೆಬರಹದ ಆರು ಅಂಕಿ

ನಮ್ಮ ಎನ್.ಆರ್. ಕಾಲೊನಿ ಮನೆಯ ಊಟದ ಮೇಜು ಭಾನುವಾರ ಮಧ್ಯಾಹ್ನ ಊಟಕ್ಕೆ ಸಿಗುವುದಿಲ್ಲ. ತಮ್ಮನ ಮಗಳೂ ಅವಳ ಸ್ನೇಹಿತರೂ ಹನ್ನೆರಡಕ್ಕೇ ಬಂದು ಅದನ್ನು ಹಿಡಿದುಬಿಡುತ್ತಾರೆ. ಬರುವಾಗ ವಿ.ವಿ. ಪುರದ ವಿ.ಬಿ. ಬೇಕರಿಯಿಂದ ಕಾಂಗ್ರೆಸ್ ಕಡಲೆಕಾಯಿ ಬೀಜ ತರುತ್ತಾರೆ. ನಾನು ತಕರಾರು ಎತ್ತದಿರುವುದಕ್ಕೆ ಅದೂ ಒಂದು ಕಾರಣ. ಅವರು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ. ಚೌಕಾಬಾರದ ಹಾಗೆ ಮನೆ ಬರೆಯಬೇಕಿಲ್ಲ, ಕಾಯಿ ಹಣ್ಣು ಮಾಡಬೇಕಿಲ್ಲ. ಒಬ್ಬ ಸೂತ್ರಧಾರ ಕಥೆ ಹೇಳುತ್ತಾನೆ. ಅವನನ್ನು ಇವರು ಡಿಎಂ ಅನ್ನುತ್ತಾರೆ. ಉಳಿದವರು ಒಂದೊಂದು ಪಾತ್ರವಾಗುತ್ತಾರೆ. 'ಮುಂದೆ ಪಾಳು ಕೋಟೆ, ಬಾಗಿಲಲ್ಲಿ ರಾಕ್ಷಸ ನಿಂತಿದಾನೆ, ಏನ್ ಮಾಡ್ತೀರ?' ಎಂದು ಅವನು ಕೇಳಿದರೆ ಒಬ್ಬ ಕತ್ತಿ ಹಿರಿಯುತ್ತಾನೆ, ಇನ್ನೊಬ್ಬಳು ರಾಕ್ಷಸನಿಗೆ ಲಂಚ ಕೊಡಲು ನೋಡುತ್ತಾಳೆ. ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಲಂಚವೇ ಹೆಚ್ಚಾಗಿ ಫಲಿಸುತ್ತದೆ. ಎಷ್ಟೆಂದರೂ ಈ ಊರಿನ ಮಕ್ಕಳು.

ಜಗಳ ಹುಟ್ಟುವುದು ಆಟದಲ್ಲಲ್ಲ, ಆಟಕ್ಕೆ ಮುಂಚೆ. ಪ್ರತಿ ಪಾತ್ರಕ್ಕೂ ಆರು ಗುಣಗಳು: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಒಂದೊಂದಕ್ಕೂ 3ರಿಂದ 18ರೊಳಗೆ ಒಂದು ಅಂಕಿ. ಈ ಅಂಕಿಗಳನ್ನು ಎಲ್ಲಿಂದ ತರುವುದು? ದಾಳ ಎಸೆಯುವುದೋ, ಹಂಚಿಕೊಳ್ಳುವುದೋ? ಒಂದು ಭಾನುವಾರವಿಡೀ ಇದರಲ್ಲೇ ಕಳೆಯಿತು. ಕೊನೆಗೆ, ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳೆಂದು ನನ್ನನ್ನು ಪಂಚಾಯಿತಿಗೆ ಕರೆದರು. 'ಅತ್ತೆ, ನೀನೇ ಹೇಳು, ಯಾವುದು ನ್ಯಾಯ?'

ನ್ಯಾಯ ಹೇಳುವ ಮುನ್ನ ಕಾಗದಪತ್ರ ನೋಡಬೇಕಲ್ಲ. ಓದಿದೆ. ಈ ಆಟವನ್ನು ಅಚ್ಚು ಹಾಕಿ ಮಾರಿದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ಸೀಮೆಯ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ. ಕಟ್ಟಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಆ ಮೊದಲ ಪುಸ್ತಕದ ಕಟ್ಟಳೆ ನನಗೆ ಬಹಳ ಹಿಡಿಸಿತು: ಆರು ಮುಖದ ಮೂರು ದಾಳ ಎಸೆಯುವವನು ಆಟಗಾರನಲ್ಲ, ಸೂತ್ರಧಾರ. ಬಿದ್ದದ್ದನ್ನು ಬಿದ್ದ ಕ್ರಮದಲ್ಲೇ ಬರೆದು ಕೈಗೆ ಕೊಡುತ್ತಾನೆ. ಇದಕ್ಕೆ ನಮ್ಮಲ್ಲಿ ಬ್ರಹ್ಮ ಇದ್ದಾನೆ. ಬರೆದವನನ್ನು ಕೇಳುವ ಹಾಗಿಲ್ಲ, ಬರೆದದ್ದನ್ನು ಅಳಿಸುವ ಹಾಗಿಲ್ಲ.

ಮೂರು ದಾಳ ಬೀಳುವ ಬಗೆಗಳು 216. ಅವುಗಳಲ್ಲಿ 18 ಬರುವುದು ಒಂದೇ ಬಗೆಯಲ್ಲಿ, 3 ಬರುವುದೂ ಒಂದೇ ಬಗೆಯಲ್ಲಿ. 10ಕ್ಕೆ 27 ದಾರಿ, 11ಕ್ಕೆ 27 ದಾರಿ. ಅಂದರೆ ಸಾಧಾರಣ ಮನುಷ್ಯರ ಸಂತೆ. ಎಲ್ಲೋ ಒಬ್ಬ ಭೀಮ, ಎಲ್ಲೋ ಒಬ್ಬ ಉತ್ತರಕುಮಾರ. ಆದರೆ ಜನ ಆಟಕ್ಕೆ ಕೂರುವುದು ಸಾಧಾರಣರಾಗಿ ಉಳಿಯುವುದಕ್ಕಲ್ಲವಲ್ಲ! ಹಾಗಾಗಿ 1979ರ ಪುಸ್ತಕದಲ್ಲಿ ಗೈಗ್ಯಾಕ್ಸನೇ ಸಡಿಲಿಸಿದ. ನಾಲ್ಕು ದಾಳ ಎಸೆಯಿರಿ, ಎಲ್ಲಕ್ಕಿಂತ ಚಿಕ್ಕದನ್ನು ಬಿಡಿ, ಉಳಿದ ಮೂರನ್ನು ಕೂಡಿ, ಬೇಕಾದ ಗುಣಕ್ಕೆ ಹಾಕಿಕೊಳ್ಳಿ. ಸರಾಸರಿ ಹತ್ತೂವರೆಯಿಂದ ಹನ್ನೆರಡೂಕಾಲಿನ ಹತ್ತಿರಕ್ಕೆ ಏರಿತು. 18 ಬೀಳುವ ಸಂಭವ 216ಕ್ಕೆ ಒಂದಿದ್ದದ್ದು ಸುಮಾರು 62ಕ್ಕೆ ಒಂದಾಯಿತು. ಚಿಕ್ಕದನ್ನು ಬಿಡುವ ಈ ಉಪಾಯ ಪರೀಕ್ಷಾ ಮಂಡಳಿಗಳಿಗೂ ಚೆನ್ನಾಗಿ ಗೊತ್ತು.

ಈಗಿನವರಿಗೆ ಅದೂ ಸಾಲದು. 2014ರ ಪುಸ್ತಕದಲ್ಲಿ ದಾಳ ಮುಟ್ಟದೆಯೇ ಮನುಷ್ಯನನ್ನು ಮಾಡುವ ದಾರಿಗಳಿವೆ. ಒಂದು, 15, 14, 13, 12, 10, 8 ಎಂಬ ಸಿದ್ಧ ಸಾಲು. ಇನ್ನೊಂದು, 27 ಅಂಕ ಕೊಡುತ್ತಾರೆ, ಅದರಲ್ಲಿ ಗುಣಗಳನ್ನು ಕೊಳ್ಳಬೇಕು. ಎಲ್ಲವೂ 8ರಿಂದ ಶುರು. 13ರವರೆಗೆ ಒಂದೊಂದು ಮೆಟ್ಟಿಲಿಗೆ ಒಂದೊಂದು ಅಂಕ, 14ಕ್ಕೂ 15ಕ್ಕೂ ಮೆಟ್ಟಿಲಿಗೆ ಎರಡೆರಡು. 15ರ ಮೇಲೆ ಮಾರಾಟಕ್ಕಿಲ್ಲ. ಸಿದ್ಧ ಸಾಲಿನ ಬೆಲೆ ಎಷ್ಟಾಗುತ್ತದೆಂದು ಕೂಡಿ ನೋಡಿದೆ. ಸರಿಯಾಗಿ 27. ಲೆಕ್ಕ ಬರೆದವರು ಗಟ್ಟಿಗರು.

ಈ 27 ನೋಡಿದ ಕೂಡಲೇ ನನಗೆ 337 ನೆನಪಾಯಿತು.

ನನ್ನ ತಾತ ಚಾಮರಾಜಪೇಟೆಯವರು, ಅಠಾರಾ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಜಾತಕ ಬರೆಯುವುದು ಅವರ ಹವ್ಯಾಸ, ದಕ್ಷಿಣೆ ಮುಟ್ಟುತ್ತಿರಲಿಲ್ಲ. ಒಂಟಿಕೊಪ್ಪಲ್ ಪಂಚಾಂಗ, ಒಂದು ಸ್ಲೇಟು, ಉದ್ದನೆಯ ಲೆಕ್ಕದ ಪುಸ್ತಕ. ಬಂಧುಬಳಗದಲ್ಲಿ ಮಗು ಹುಟ್ಟಿದರೆ ತಾರು ಬರುವ ಮೊದಲೇ ಗಳಿಗೆ ಕೇಳಿ ಕಾಗದ ಹಾಕುತ್ತಿದ್ದರು. ಕುಂಡಲಿ ಬರೆದು ಮುಗಿಸಿದರೆ ಅವರಿಗೆ ತೃಪ್ತಿಯಿಲ್ಲ, ಅಷ್ಟಕವರ್ಗ ಹಾಕಲೇಬೇಕು. ಏಳು ಗ್ರಹಗಳ ಜೊತೆಗೆ ಲಗ್ನ, ಒಟ್ಟು ಎಂಟು ಸ್ಥಾನಗಳು. ಆ ಒಂದೊಂದು ಸ್ಥಾನದಿಂದಲೂ ಎಣಿಸುತ್ತ, ಇಂತಿಂಥ ಮನೆಗೆ ಒಂದು ಬಿಂದು ಎಂಬ ಶಾಸ್ತ್ರದ ಕೋಷ್ಟಕ ನೋಡಿಕೊಂಡು, ಹನ್ನೆರಡು ರಾಶಿಗಳಲ್ಲೂ ಬಿಂದು ಇಡುತ್ತ ಹೋಗಬೇಕು. ರವಿಗೆ 48, ಚಂದ್ರನಿಗೆ 49, ಕುಜನಿಗೆ 39, ಬುಧನಿಗೆ 54, ಗುರುವಿಗೆ 56, ಶುಕ್ರನಿಗೆ 52, ಶನಿಗೆ 39. ಒಟ್ಟು 337.

ಯಾರ ಜಾತಕವಾದರೂ ಅಷ್ಟೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕೋಷ್ಟಕ ಮೊದಲೇ ಗೊತ್ತಾಗಿರುವುದರಿಂದ ಗ್ರಹಗಳು ಎಲ್ಲಿದ್ದರೂ ಬಿಂದುಗಳ ಮೊತ್ತ ಬದಲಾಗುವುದಿಲ್ಲ, ಅವು ಕೂರುವ ಮನೆ ಮಾತ್ರ ಬದಲಾಗುತ್ತದೆ. ಕೂಡಿದಾಗ 336 ಬಂದರೆ ತಾತ ಸ್ಲೇಟು ಒರೆಸಿ ಮೊದಲಿಂದ ಶುರು ಮಾಡುತ್ತಿದ್ದರು. ತಾಳೆ ನೋಡುವುದು ಎಂದರೇನೆಂದು ನಾನು ಕಲಿತದ್ದು ಅಲ್ಲಿ. ಶಾಲೆಯಲ್ಲಿ ಕಲಿಸಿದ್ದು ಆಮೇಲೆ. 'ಮಹಾರಾಜರಿಗೂ 337, ಬಾಗಿಲಿಗೆ ಸೊಪ್ಪು ತರೋಳಿಗೂ 337 ಕಣೇ' ಎಂದು ಹೇಳಿ ನಶ್ಯ ಏರಿಸುತ್ತಿದ್ದರು. ಹನ್ನೆರಡು ಮನೆಗೆ ಹಂಚಿದರೆ ಮನೆಗೆ 28 ಚಿಲ್ಲರೆ. ಅದಕ್ಕಿಂತ ಹೆಚ್ಚಿದ್ದರೆ ಆ ಮನೆ ಗಟ್ಟಿ. ಹನ್ನೊಂದನೆಯದು ಆದಾಯದ ಮನೆ, ಹನ್ನೆರಡನೆಯದು ವೆಚ್ಚದ ಮನೆ. ನನ್ನದರಲ್ಲಿ ಹನ್ನೊಂದಕ್ಕಿಂತ ಹನ್ನೆರಡು ದಪ್ಪ. ನನಗೆ ಜಾತಕದಲ್ಲಿ ನಂಬಿಕೆಯಿಲ್ಲ, ಆದರೆ ನನ್ನ ಪಾಸ್‌ಬುಕ್ಕಿಗೆ ಇದ್ದಂತಿದೆ.

ತಾತನ ಆರಾಧ್ಯದೈವ ಶೇಷಾದ್ರಿಪುರದ ಬಿ.ವಿ. ರಾಮನ್. ಅವರ ಅಜ್ಜ ಬಿ. ಸೂರ್ಯನಾರಾಯಣ ರಾವ್ 1895ರಲ್ಲಿ ಶುರು ಮಾಡಿದ 'ಆಸ್ಟ್ರಲಾಜಿಕಲ್ ಮ್ಯಾಗಜೀನ್' ಎಂಬ ಇಂಗ್ಲಿಷ್ ಪತ್ರಿಕೆ ನಿಂತುಹೋಗಿತ್ತು. 1936ರಲ್ಲಿ, ಇನ್ನೂ ಇಪ್ಪತ್ನಾಲ್ಕರ ಹುಡುಗ ರಾಮನ್ ಅದಕ್ಕೆ ಮರುಜೀವ ಕೊಟ್ಟರು. ಅಷ್ಟಕವರ್ಗದ ಮೇಲೂ ಗ್ರಹಭಾವ ಬಲಗಳ ಮೇಲೂ ಒಂದೊಂದು ಪುಸ್ತಕವನ್ನೇ ಬರೆದರು. ತಾತ ಆ ಪತ್ರಿಕೆಯ ಸಂಚಿಕೆಗಳನ್ನು ಹೊಲಿಸಿ ಇಟ್ಟಿದ್ದರು. ಅಪ್ಪ ಮಾತ್ರ ಬೇರೆ ಪಕ್ಷ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೆ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಸೈಕಲ್ ತುಳಿಯುವವರು. 1976ರಲ್ಲಿ, ಕುಲಪತಿಗಳಾಗಿದ್ದ ಎಚ್ಚೆನ್ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ಮಾಡಿದಾಗ ನಮ್ಮ ಮನೆಯ ಜಗುಲಿಯಲ್ಲಿ ಒಂದು ವಾರ ಮಾತಿಗೆ ಮಾತು ಬೆಳೆಯಿತು. ಒಂದೇ ಪೇಪರನ್ನು ಇಬ್ಬರೂ ಕಿತ್ತಾಡಿ ಓದುತ್ತಿದ್ದರು. ಅಜ್ಜಿ ಇಬ್ಬರಿಗೂ ಒಂದೇ ಲೋಟದಲ್ಲಿ ಕಾಫಿ ಅಳೆದು ಕೊಡುತ್ತಿದ್ದಳು. ಅವಳ ಪಕ್ಷ ಯಾವುದೆಂದು ಕೊನೆಗೂ ತಿಳಿಯಲಿಲ್ಲ.

ಜಾತಕದಲ್ಲಿ ಇನ್ನೊಂದು ಲೆಕ್ಕವಿದೆ: ಷಡ್ಬಲ. ಇಲ್ಲೂ ಆರೇ! ಸ್ಥಾನ, ದಿಕ್, ಕಾಲ, ಚೇಷ್ಟಾ, ನೈಸರ್ಗಿಕ, ದೃಕ್. ಮೊದಲನೆಯದರಲ್ಲಿ ಗ್ರಹ ಕೂತ ಜಾಗಕ್ಕೆ ಅಂಕ, ಎರಡನೆಯದರಲ್ಲಿ ದಿಕ್ಕಿಗೆ, ಮೂರನೆಯದರಲ್ಲಿ ಹೊತ್ತಿಗೆ. ಅವೆಲ್ಲ ಒಂದೊಂದು ಜಾತಕಕ್ಕೆ ಒಂದೊಂದು. ನೈಸರ್ಗಿಕ ಬಲ ಮಾತ್ರ ಎಲ್ಲರ ಜಾತಕದಲ್ಲೂ ಅಚ್ಚೊತ್ತಿದ ಹಾಗೆ ಒಂದೇ. ರವಿಗೆ 60 ಷಷ್ಟ್ಯಂಶ, ಅದರ ಏಳನೆಯ ಒಂದು ಪಾಲು ಶನಿಗೆ. ಶನಿ ಎಷ್ಟೇ ಒಳ್ಳೆಯ ಮನೆಯಲ್ಲಿ ಕೂತರೂ ಈ ಬಾಬ್ತಿನಲ್ಲಿ ಎಂಟೂವರೆ ಚಿಲ್ಲರೆಯ ಮೇಲೆ ಹೋಗುವಂತಿಲ್ಲ. ಹುಟ್ಟಿನಿಂದ ಬಂದದ್ದು.

ಆಟದಲ್ಲೂ ಇದು ಇತ್ತು. ಕುಳ್ಳರ ಜಾತಿಯಲ್ಲಿ ಹುಟ್ಟಿದ ಪಾತ್ರಕ್ಕೆ ತಾಳಿಕೆ ಹೆಚ್ಚು, ಎಲ್ಫ್ ಎಂಬ ಕಿನ್ನರರಿಗೆ ಚುರುಕು ಹೆಚ್ಚು. ಎಸೆದದ್ದರ ಮೇಲೆ ಕುಲದ ಪಾಲು. 1978ರ ಪುಸ್ತಕದಲ್ಲಂತೂ ಹೆಂಗಸರ ಪಾತ್ರಕ್ಕೆ ಬಲದಲ್ಲಿ ಗಂಡಸರಿಗಿಂತ ಕೆಳಗೇ ಗೆರೆ ಎಳೆದಿದ್ದರು. ಬೆಂಕಿ ಉಗುಳುವ ಹಾವಿಗೆ ರೆಕ್ಕೆ ಇರಬಹುದು, ಹೆಂಗಸಿಗೆ ಪೂರಾ ಬಲ ಇರಬಾರದು! ಆ ಗೆರೆ ಅಳಿಸಿಹೋದದ್ದು 1989ರ ಪುಸ್ತಕದಲ್ಲಿ. ಕುಲದ ಪಾಲನ್ನು ಬೇಕಾದ ಗುಣಕ್ಕೆ ಹಾಕಿಕೊಳ್ಳಬಹುದೆಂದು ಒಪ್ಪಿಕೊಳ್ಳುವ ಹೊತ್ತಿಗೆ 2020 ಬಂದಿತ್ತು. 2024ರ ಪುಸ್ತಕದಲ್ಲಿ ಆ ಪಾಲು ಕುಲವನ್ನೇ ಬಿಟ್ಟು, ಪಾತ್ರ ಬೆಳೆದುಬಂದ ಹಿನ್ನೆಲೆಗೆ ಸೇರಿತು.

ಹುಟ್ಟಿನಿಂದ ಯಾರಿಗೆ ಎಷ್ಟು ಪಾಲು ಎಂಬ ಈ ಪ್ರಶ್ನೆಯನ್ನು ಮೈಸೂರು ಸಂಸ್ಥಾನ ಕಾಗದದ ಮೇಲೆ ಎತ್ತಿಕೊಂಡದ್ದು 1918ರಲ್ಲಿ. ಸರ್ಕಾರಿ ನೌಕರಿಯೆಲ್ಲ ಒಂದೇ ಜಾತಿಗೆ ಹೋಗುತ್ತಿದೆ ಎಂಬ ದೂರಿನ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಸರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿತು, ಮರುವರ್ಷ ವರದಿ ಬಂತು. ಹಿಂದುಳಿದವರಿಗೆ ಪಾಲು ಕೊಡಬೇಕೆಂದು ಅದು ಹೇಳಿತು. ತಾತ ಮುಪ್ಪಿನಲ್ಲೂ ಮಿಲ್ಲರ್ ಹೆಸರು ಬಂದರೆ ನಶ್ಯದ ಡಬ್ಬಿಯನ್ನು ಟಪ್ಪೆಂದು ಮುಚ್ಚುತ್ತಿದ್ದರು. ಎಲ್ಲರಿಗೂ 337 ಎನ್ನುತ್ತಿದ್ದ ಅದೇ ತಾತ. ಹುಟ್ಟಿದ ಮನೆಯಲ್ಲಿ ಪುಸ್ತಕ, ಬೀದಿಯಲ್ಲಿ ಶಾಲೆ, ಕಚೇರಿಯಲ್ಲಿ ಆಗಲೇ ಕೂತಿದ್ದ ಸೋದರಮಾವ, ಇವೆಲ್ಲ ಅವರ ನೈಸರ್ಗಿಕ ಬಲವಾಗಿದ್ದವು. ಅದನ್ನು ಅವರು ಯಾವ ಕೋಷ್ಟಕದಲ್ಲೂ ಬರೆಯಲಿಲ್ಲ. ನನ್ನದನ್ನು ನಾನು ಬರೆದಿಟ್ಟುಕೊಳ್ಳುತ್ತೇನೆ: ಬಸವನಗುಡಿ, ಗಣಿತ ಬಲ್ಲ ಅಪ್ಪ, ಮನೆ ತುಂಬ ಸ್ಲೇಟು. ಮೂರು ದಾಳದ ಜೊತೆಗೆ ನಾಲ್ಕನೆಯದೊಂದನ್ನು ಮೊದಲೇ ಮುಷ್ಟಿಯಲ್ಲಿಟ್ಟು ಕಳಿಸಿದ್ದರು.

ಹಾಗಾದರೆ 27 ಅಂಕದ ಪಕ್ಷವೇ ನ್ಯಾಯ ಎಂದು ತೀರ್ಪು ಕೊಡಬೇಕಿತ್ತು. ಕೊಡಲಿಲ್ಲ. ಯಾಕೆಂದರೆ ಅದರಲ್ಲಿ ಹುಡುಗರು ಮಾಡುವುದನ್ನು ನೋಡಿದ್ದೇನೆ. ಕತ್ತಿವೀರನನ್ನು ಮಾಡುವವನು ಬುದ್ಧಿಗೆ 8 ಬಿಟ್ಟು ಬಲಕ್ಕೆ 15 ಸುರಿಯುತ್ತಾನೆ, ಮಾಂತ್ರಿಕನನ್ನು ಮಾಡುವವಳು ಬಲಕ್ಕೆ 8 ಬಿಡುತ್ತಾಳೆ. ಕುಂದನ್ನು ನೋಯದ ಜಾಗಕ್ಕೆ ತಳ್ಳುವ ಜಾಣತನ. ಪ್ರತಿ ಸಲವೂ ಅದೇ ಕತ್ತಿವೀರ ಬರುತ್ತಾನೆ, ಹೆಸರು ಮಾತ್ರ ಬೇರೆ. ಹತ್ತನೇ ತರಗತಿಯ ಮಕ್ಕಳ ಅಪ್ಪ ಅಮ್ಮಂದಿರು ಇದೇ ಲೆಕ್ಕ ಹಾಕುವುದನ್ನು ನಾನು ಸ್ಟಾಫ್ ರೂಮಿನ ಬಾಗಿಲಲ್ಲಿ ಎಷ್ಟು ಸಲ ಕೇಳಿಲ್ಲ! ಸಂಗೀತ ಬಿಡಿಸಿ ಗಣಿತಕ್ಕೆ, ಕಬಡ್ಡಿ ಬಿಡಿಸಿ ಕೆಮಿಸ್ಟ್ರಿಗೆ. ಮದುವೆಗೆ ಬಂದರೂ ಬಿಡುವುದಿಲ್ಲ. ವರ್ಣಕ್ಕೆ 1ರಿಂದ ನಾಡಿಗೆ 8ರವರೆಗೆ ಎಂಟು ಕೂಟ ಕೂಡಿ 36 ಗುಣ ಮಾಡಿ, 18 ಬಂದರೆ ಪಾಸು ಅನ್ನುತ್ತಾರೆ.

ಅದಕ್ಕೇ ನನ್ನ ತೀರ್ಪು: ಸರ್ಕಾರ ಹಂಚುವುದಿದ್ದರೆ ಲೆಕ್ಕ ಹಾಕಿ ಹಂಚಲಿ, ಆಟದಲ್ಲಿ ದಾಳ ಎಸೆಯಿರಿ. ಅದೂ 1974ರ ಪ್ರಕಾರ, ಮೂರೇ ದಾಳ, ಬಿದ್ದ ಸಾಲಿನಲ್ಲೇ. ಹುಡುಗರು ಗೊಣಗಿದರು. 'ಹಂಗಾದ್ರೆ ನೀನೂ ಎಸಿ ಅತ್ತೆ' ಎಂದು ತಮ್ಮನ ಮಗಳು ದಾಳಗಳನ್ನು ನನ್ನ ಮುಂದೆ ತಳ್ಳಿದಳು.

ಎಸೆದೆ. ಬಲ 6, ಚುರುಕು 9, ತಾಳಿಕೆ 14, ಬುದ್ಧಿ 11, ವಿವೇಕ 8, ವರ್ಚಸ್ಸು 16. ಕೂಡಿದರೆ 64, ಅವರ ಸಿದ್ಧ ಸಾಲಿನ 72ಕ್ಕಿಂತ ಎಂಟು ಕಡಿಮೆ, ಮೂರು ದಾಳದ ಸರಾಸರಿ 63ಕ್ಕಿಂತ ಒಂದು ಹೆಚ್ಚು. ಒಬ್ಬ ಹುಡುಗ, ಸಾಫ್ಟ್‌ವೇರಿನವನು, ಚೀಟಿ ನೋಡಿ 'ಇದು ಆಡೋ ಪಾತ್ರ ಅಲ್ಲ ಆಂಟಿ' ಎಂದ. ನನಗೆ ಆ ಅಂಕಿಗಳಲ್ಲಿ ಗುರುತಿನ ಮುಖವೊಂದು ಕಂಡಿತ್ತು. ಮೈಯಲ್ಲಿ ಕಸುವಿಲ್ಲ, ವಿವೇಕ ಅಷ್ಟಕ್ಕಷ್ಟೇ, ರಾತ್ರಿಯಿಡೀ ನಿಲ್ಲುವ ತಾಳ್ಮೆಯುಂಟು, ಬಾಯಿ ತೆರೆದರೆ ಸಭೆ ಕೈಯಲ್ಲಿ. ಚಿಕ್ಕಂದಿನಲ್ಲಿ ರಾಮನವಮಿ ಚಪ್ಪರಗಳಲ್ಲಿ ಪಾನಕದ ಆಸೆಗೆ ಕೂತು ಕೇಳಿದ ಹರಿಕಥೆ ದಾಸರು! 27 ಅಂಕ ಕೊಟ್ಟಿದ್ದರೆ ನಾನು ಇವರನ್ನು ಕೊಳ್ಳುತ್ತಲೇ ಇರಲಿಲ್ಲ. ವಿವೇಕಕ್ಕೆ 8 ಬಿಡಲು ಮೇಷ್ಟರ ಕೈ ಬರುವುದಿಲ್ಲ. ಚಿಟಿಕೆ ಶಾಮಣ್ಣ ಎಂದು ಹೆಸರಿಟ್ಟೆ. ಪುಸ್ತಕದಲ್ಲಿ ಬಾರ್ಡ್ ಎಂದು ಹಾಡುಗಾರರ ವರ್ಗವೊಂದಿದೆ, ಅದರಲ್ಲಿ ಸೇರಿಸಿಕೊಂಡರು. ಮೊದಲ ದಿನವೇ ಕೋಟೆ ಬಾಗಿಲ ರಾಕ್ಷಸನಿಗೆ ಶಾಮಣ್ಣ ದ್ರೌಪದಿ ಸ್ವಯಂವರದ ಕಥೆ ಶುರು ಮಾಡಿ, ಮತ್ಸ್ಯಯಂತ್ರಕ್ಕೆ ಅರ್ಜುನ ಬಾಣ ಹೂಡುವಲ್ಲಿಗೆ ನಿಲ್ಲಿಸಿ, ಮುಂದಿನದು ವಾಪಸು ಬರುವಾಗ ಎಂದ. ರಾಕ್ಷಸ ದಾರಿ ಬಿಟ್ಟುಕೊಟ್ಟ. 27 ಅಂಕ ಬಿಡದ ಮೂರು 15ರ ಕತ್ತಿವೀರರು ಹಿಂದೆ ಹಿಂದೆ ಒಳಗೆ ಹೋದರು.

ನಿಮ್ಮ ಮನೆಯ ಹುಡುಗರೂ ಒಂದು ಭಾನುವಾರ ನಿಮ್ಮನ್ನು ಮೇಜಿಗೆ ಕರೆದಾರು. ಕರೆದರೆ ಹೋಗಿ. 27 ಅಂಕ ಕೊಟ್ಟರೆ ನಯವಾಗಿ ಹಿಂದಿರುಗಿಸಿ, ಮೂರು ದಾಳ ಕೇಳಿ. ಬಿದ್ದದ್ದನ್ನು ಬಿದ್ದ ಸಾಲಿನಲ್ಲೇ ಬರೆದುಕೊಳ್ಳಿ. ಪೆನ್ಸಿಲಿನಲ್ಲಿ ಬೇಡ, ಇಂಕಿನಲ್ಲಿ.