ಗುಲಾಷಿಗೆ ಬ್ಯಾಡಗಿಯ ಕೆಂಪು

ಪರದೇಶದ ಅಡಿಗೆಯೆಂದರೆ ನಮ್ಮ ಗೃಹಸ್ಥರಲ್ಲಿ ಕೆಲವರಿಗೆ ಕುತೂಹಲ, ಕೆಲವರಿಗೆ ಮುಜುಗರ. ಎರಡೂ ಸಹಜವೇ. ಆದರೆ ಹಂಗೇರಿ ದೇಶದವರ ಗುಲಾಷ್ ಎಂಬ ಪದಾರ್ಥದ ಪೂರ್ವೋತ್ತರವನ್ನು ವಿಚಾರಿಸಿದರೆ ಅದು ಅಷ್ಟೇನೂ ಅಪರಿಚಿತವಲ್ಲವೆಂದು ವಾಚಕರು ಒಪ್ಪುವರೆಂದು ನಂಬುತ್ತೇವೆ. ಆ ದೇಶದ ನುಡಿಯಲ್ಲಿ ‘ಗುಯಾಶ್’ ಎಂದರೆ ದನಕಾಯುವವನು. ಅಲ್ಲಿಯ ವಿಶಾಲವಾದ ಬಯಲಿನಲ್ಲಿ ದನ ಮೇಯಿಸುತ್ತಿದ್ದವರು ಬೆಂಕಿಯ ಮೇಲೆ ಕೊಪ್ಪರಿಗೆಯನ್ನು ತೂಗುಹಾಕಿ, ಈರುಳ್ಳಿಯನ್ನೂ ಮಾಂಸವನ್ನೂ ಬೇಯಿಸಿಕೊಳ್ಳುತ್ತಿದ್ದುದೇ ಇದರ ಮೂಲ. ಇಂದು ಅದಕ್ಕೆ ಪ್ರಾಣವಾಗಿರುವ ಕೆಂಪು ಮೆಣಸಿನ ಪುಡಿ ಬಹುಕಾಲದ ಮೇಲೆ ಬಂದು ಸೇರಿತು. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆಯಷ್ಟೆ. ಹಂಗೇರಿಗೆ ಅದು ತುರ್ಕರ ಆಳಿಕೆಯ ಕಾಲದಲ್ಲಿ ಹೋಯಿತು, ನಮ್ಮಲ್ಲಿಗೆ ಪೋರ್ಚುಗೀಸರ ಹಡಗುಗಳಲ್ಲಿ ಬಂದಿತು. ಅವರು ಅದನ್ನು ಪಾಪ್ರಿಕ ಎಂದು ಕರೆದರು; ನಾವು ನಮ್ಮ ಹಳೆಯ ಕರಿಮೆಣಸಿನ ಹೆಸರನ್ನೇ ಅದಕ್ಕೆ ಹಂಚಿಕೊಟ್ಟೆವು.

ಈ ಪದಾರ್ಥ ನಮ್ಮ ಮನೆಗೆ ಬಂದ ಕಾರಣವನ್ನೂ ಹೇಳಬೇಕು. ನಾವಿರುವುದು ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ 1970ರ ದಶಕದ ಕೊನೆಗೆ ಕಿಯೋನಿಕ್ಸ್ ಸಂಸ್ಥೆಯವರು ಹುಟ್ಟುಹಾಕಿದ ಈ ಬಡಾವಣೆಯಲ್ಲಿ, ಕೆಲಸದ ನಿಮಿತ್ತ ದೇಶಾಂತರ ಹೋಗಿಬಾರದ ಮನೆಯೇ ಅಪರೂಪ. ನಮ್ಮ ಮಗನೂ ಎರಡು ವರ್ಷ ಬುಡಾಪೆಸ್ಟಿನಲ್ಲಿದ್ದು, ಹಿಂದಿರುಗುವಾಗ ಪಾಪ್ರಿಕದ ಒಂದು ಡಬ್ಬಿಯನ್ನೂ ಅಲ್ಲಿಯ ಊಟದ ಹಂಬಲವನ್ನೂ ಹೊತ್ತು ತಂದನು. ಡಬ್ಬಿ ಮೂರು ತಿಂಗಳಲ್ಲಿ ಬರಿದಾಯಿತು, ಹಂಬಲ ಉಳಿಯಿತು.

ತೊಡಕು ಇದ್ದದ್ದು ಬೇರೆಡೆ. ನಮ್ಮ ಏಳು ವರ್ಷದ ಮೊಮ್ಮಗನಿಗೆ ಹಾಲೂ ಗೋಧಿಯೂ ಒಗ್ಗವು. ಇದು ಅಜೀರ್ಣದ ಮಾತಲ್ಲ. ಹಾಲಿನ ಸಕ್ಕರೆ ಅರಗದೆ ಹೊಟ್ಟೆ ಉಬ್ಬರಿಸುವುದು ಒಂದು ಬಗೆ. ಹಾಲಿನ ಸಸಾರಜನಕವನ್ನು ದೇಹವು ಶತ್ರುವೆಂದೆಣಿಸಿ ಅದರೊಡನೆ ಕಾದಾಡುವುದು ಇನ್ನೊಂದು ಬಗೆ. ಈಗ ಎಲ್ಲರ ಬಾಯಲ್ಲಿರುವ ಅಲರ್ಜಿ ಎಂಬುದು ಈ ಎರಡನೆಯದು. ಇದಕ್ಕೆ ಒಂದು ಚಮಚೆಯೂ ಹೆಚ್ಚೇ. ಮೈಯೆಲ್ಲ ದದ್ದೇಳಬಹುದು, ಉಸಿರೇ ಕಟ್ಟಬಹುದು. ಹೀಗಾಗಿ ಮದುವೆಯ ಮನೆಗೆ ಹೋದರೂ, ನೆರೆಯವರ ಹುಟ್ಟುಹಬ್ಬಕ್ಕೆ ಹೋದರೂ ಆ ಮಗುವಿನ ಬುತ್ತಿ ಬೇರೆ. ಎಲೆಯ ಮುಂದೆ ಕುಳಿತೊಡನೆ ಅವನು ಕೇಳುವ ಪ್ರಶ್ನೆ ಒಂದೇ: “ಅಜ್ಜಿ, ಇದರಲ್ಲಿ ನನಗೆ ಆಗದ್ದು ಏನಿದೆ?” ಏಳು ವರ್ಷದ ಮಗುವಿನ ಬಾಯಲ್ಲಿ ಆ ಮಾತನ್ನು ದಿನವೂ ಕೇಳುವುದು ಸುಲಭವಲ್ಲ. ತಂದೆಗೊಂದು ಪಾತ್ರೆ, ಮಗನಿಗೊಂದು ಪಾತ್ರೆ ಎಂಬ ಪದ್ಧತಿ ಮನೆಯೊಳಗೂ ಬೇಡವೆಂದು ನಾವು ನಿಶ್ಚಯಿಸಿದೆವು.

ಹಂಗೇರಿಯವರು ಗುಲಾಷ್ ಎನ್ನುವುದು ಸಾರಿನಂತೆ ತೆಳುವಾದದ್ದು; ಗಟ್ಟಿಯಾದುದಕ್ಕೆ ಪೋರ್ಕೋಲ್ಟ್ ಎಂದೂ, ಹುಳಿಯಾದ ಹಾಲಿನ ಕೆನೆ ಬೆರೆಸಿದುದಕ್ಕೆ ಪಾಪ್ರಿಕಾಶ್ ಎಂದೂ ಬೇರೆ ಹೆಸರುಗಳುಂಟು. ಹೊರಗಿನವರು ಎಲ್ಲವನ್ನೂ ಗುಲಾಷೆಂದೇ ಕರೆಯುತ್ತಾರೆ. ಈ ಮೂರರಲ್ಲಿಯೂ ರುಚಿಗೆ ಬುನಾದಿ ಈರುಳ್ಳಿ ಮತ್ತು ಪಾಪ್ರಿಕ. ಹಂದಿಯ ಕೊಬ್ಬು, ಕೆನೆ, ಗೋಧಿಹಿಟ್ಟು ಇವೆಲ್ಲ ಮೇಲಿನ ಅಲಂಕಾರ. ಇದು ಮನದಟ್ಟಾದ ಮೇಲೆ ನಮ್ಮ ಕೆಲಸ ಹಗುರವಾಯಿತು. ಆಲೂಗಡ್ಡೆಯನ್ನೇ ಮುಖ್ಯವಾಗಿಟ್ಟುಕೊಂಡ ಪಾಪ್ರಿಕಾಶ್ ಆ ದೇಶದ ಮನೆಗಳಲ್ಲಿಯೂ ರೂಢಿಯಲ್ಲಿದೆಯಾದ್ದರಿಂದ, ಸಸ್ಯಾಹಾರಿಗಳಾದ ನಾವು ಸಂಪ್ರದಾಯವನ್ನು ಬಹಳವೇನೂ ಮೀರಿದಂತಾಗಲಿಲ್ಲ.

ಪಾಪ್ರಿಕಕ್ಕೆ ಬದಲು ಬ್ಯಾಡಗಿ ಮೆಣಸಿನಕಾಯಿ. ಹಾವೇರಿ ಜಿಲ್ಲೆಯ ಆ ಊರಿನ ಹೆಸರು ಹೊತ್ತ ಸುಕ್ಕುಗಾಯಿಗೆ ಬಣ್ಣ ಹೆಚ್ಚು, ಖಾರ ಕಡಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಹತ್ತು ಕಾಯಿಗಳ ತೊಟ್ಟು ಮುರಿದು, ಸೀಳಿ, ಬೀಜವನ್ನೂ ಒಳಗಿನ ಬಿಳಿಯ ನಾರನ್ನೂ ತೆಗೆಯಬೇಕು. ಖಾರದ ಬಹುಭಾಗ ಅಡಗಿರುವುದು ಆ ನಾರಿನಲ್ಲಿಯೇ. ಬಿಸಿಲಿನಲ್ಲಿ ಗರಿಗರಿಯಾಗಿಸಿ ಪುಡಿಮಾಡಿ ಜರಡಿ ಹಿಡಿದರೆ ಮಗುವಿನ ನಾಲಗೆಗೂ ಹಿತವಾದ ಪುಡಿ ಸಿದ್ಧ. (ಪಾಪ್ರಿಕದ ಹಸಿಯ ಕಾಯಿಯಿಂದ ಸಿ ಜೀವಸತ್ವವನ್ನು ಹೇರಳವಾಗಿ ತೆಗೆದ ಸೆಂಟ್-ಗ್ಯೋರ್ಗಿ ಎಂಬ ಹಂಗೇರಿಯ ವಿಜ್ಞಾನಿಗೆ 1937ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಒಣಗಿಸಿ ಕುದಿಸಿದ ಕಾಯಿಯಲ್ಲಿ ಆ ಸತ್ವವನ್ನು ಬಹಳ ನಿರೀಕ್ಷಿಸಬಾರದೆಂಬುದು ಬೇರೆ ಮಾತು.)

ನಾಲ್ಕು ದೊಡ್ಡ ಈರುಳ್ಳಿಗಳನ್ನು ಸಣ್ಣಗೆ ಹೆಚ್ಚಿ, ಎರಡು ಚಮಚೆ ಸೂರ್ಯಕಾಂತಿ ಎಣ್ಣೆಯಲ್ಲಿ, ಚಿಟಿಕೆ ಉಪ್ಪು ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಾಡಿಸಬೇಕು. ತಳ ಹಿಡಿಯುವಂತಾದರೆ ಎಣ್ಣೆಯನ್ನಲ್ಲ, ಒಂದು ಚಮಚೆ ನೀರನ್ನು ಚಿಮುಕಿಸಬೇಕು. ಪದಾರ್ಥ ಹಗುರವಾಗುವ ಗುಟ್ಟು ಇಲ್ಲಿದೆ. ಅರ್ಧ ಚಮಚೆ ಜೀರಿಗೆ, ಮೂರು ಎಸಳು ಬೆಳ್ಳುಳ್ಳಿ ಸೇರಿಸಿ, ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿದ ಮೇಲೆಯೇ ಎರಡು ದೊಡ್ಡ ಚಮಚೆ ಮೆಣಸಿನ ಪುಡಿಯನ್ನು ಬೆರೆಸಬೇಕು. ಉರಿಯ ಮೇಲೆ ಹಾಕಿದರೆ ಪುಡಿ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ಒಡನೆಯೇ ಎರಡು ಟೊಮೇಟೊ, ಎರಡು ದಪ್ಪ ಮೆಣಸಿನಕಾಯಿ, ಅರ್ಧ ಕಿಲೋ ಆಲೂಗಡ್ಡೆಯ ಹೋಳು, ಮೊದಲೇ ಬೇಯಿಸಿದ ಒಂದು ಬಟ್ಟಲು ಅವರೆಕಾಳು, ಮುಳುಗುವಷ್ಟು ನೀರು ಇವಿಷ್ಟನ್ನೂ ಹಾಕಿ ಬೇಯಿಸುವುದು. ನಾಲ್ಕು ಹೋಳುಗಳನ್ನು ಸೌಟಿನಿಂದ ಹಿಸುಕಿದರೆ ಹಿಟ್ಟಿಲ್ಲದೆಯೇ ಗಟ್ಟಿಯಾಗುವುದು. ಇಳಿಸಿದ ಮೇಲೆ ಅರ್ಧ ಬಟ್ಟಲು ತೆಂಗಿನಹಾಲು, ಅರ್ಧ ನಿಂಬೆಹಣ್ಣಿನ ರಸ. ಹುಳಿಗೆನೆಯ ಕೆಲಸವನ್ನು ಇವೆರಡೂ ಸೇರಿ ಮಾಡುತ್ತವೆ. ಮತ್ತೆ ಕುದಿಸಿದರೆ ತೆಂಗಿನಹಾಲು ಒಡೆಯುತ್ತದೆ.

ಹಂಗೇರಿಯವರು ಇದರೊಡನೆ ಗೋಧಿಹಿಟ್ಟಿನ ಸಣ್ಣ ಕಡುಬುಗಳನ್ನು ಬಡಿಸುತ್ತಾರೆ. ನಮ್ಮಲ್ಲಿ ರಾಗಿಮುದ್ದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲ್ಪಟ್ಟು ಸುಣ್ಣದ ಅಂಶವಿರುವುದರಿಂದ, ಹಾಲು ಕಾಣದ ಮಗುವಿಗೆ ಇದು ವಿಶೇಷವಾಗಿ ಬೇಕಾದದ್ದು. ಆದರೆ ರಾಗಿಯಲ್ಲಿ ಗೋಧಿಯಿಲ್ಲವೆಂದು ನಿಶ್ಚಿಂತರಾಗಿ ಕೂಡುವಂತಿಲ್ಲ. ಹಿಟ್ಟಿನ ಗಿರಣಿಯಲ್ಲಿ ನಮಗಿಂತ ಮುಂಚೆ ಯಾರಾದರೂ ಗೋಧಿ ಬೀಸಿಸಿದ್ದರೆ ಕಲ್ಲಿನ ಸಂದಿಯ ಹಿಟ್ಟು ನಮ್ಮ ಚೀಲಕ್ಕೆ ಬೀಳುತ್ತದೆ. ಆದುದರಿಂದ ನಾವು ರಾಗಿಯನ್ನು ಮನೆಯ ಯಂತ್ರದಲ್ಲಿಯೇ ಬೀಸಿಕೊಳ್ಳುತ್ತೇವೆ. ಇಂಗಿನ ವಿಷಯವನ್ನೂ ಹೇಳದೆ ಬಿಡಲಾರೆವು. ಅಂಗಡಿಯ ಕೂಟು ಇಂಗಿನಲ್ಲಿ ಇಂಗಿಗಿಂತ ಹಿಟ್ಟೇ ಹೆಚ್ಚು. ಅನೇಕ ಡಬ್ಬಿಗಳಲ್ಲಿ ಅದು ಮೈದಾ. ಸಾರಿಗೆ ಹಾಕುವ ಒಂದು ಚಿಟಿಕೆಯೇ ಮಗುವನ್ನು ರಾತ್ರಿಯೆಲ್ಲ ನರಳಿಸಬಲ್ಲುದೆಂದು ಎಷ್ಟು ಗೃಹಿಣಿಯರಿಗೆ ತಿಳಿದಿದೆ? ಗೋಧಿ, ಹಾಲು, ಕಡಲೇಕಾಯಿ, ಸೋಯಾ, ಮೊಟ್ಟೆ ಮೊದಲಾದವು ಸೇರಿದ್ದರೆ ಪೊಟ್ಟಣದ ಮೇಲೆ ನಮೂದಿಸಬೇಕೆಂದು ನಮ್ಮ ದೇಶದ 2020ರ ಆಹಾರ ನಿಯಮಗಳು ವಿಧಿಸಿವೆ. ಆ ಸಣ್ಣ ಅಕ್ಷರಗಳಿಗಾಗಿಯೇ ನಮ್ಮ ಅಡಿಗೆಮನೆಯಲ್ಲಿ ಒಂದು ಕನ್ನಡಕ ಕಾಯಂ ಆಗಿ ನೇತಾಡುತ್ತದೆ.

ವೈದ್ಯರು ಪರೀಕ್ಷಿಸಿ ಹೇಳದೆ, ಬರಿಯ ಅನುಮಾನದ ಮೇಲೆ ಮಕ್ಕಳಿಗೆ ಹಾಲನ್ನಾಗಲಿ ಗೋಧಿಯನ್ನಾಗಲಿ ಬಿಡಿಸಬಾರದು; ಬೆಳೆಯುವ ದೇಹಕ್ಕೆ ಅದರಿಂದ ಕೊರತೆಯೇ ಹೆಚ್ಚು.

ನಮ್ಮ ಮನೆಯಲ್ಲಿ ಈಗ ಭಾನುವಾರದ ಮಧ್ಯಾಹ್ನಕ್ಕೆ ಇದೇ ಪದಾರ್ಥ. ಬುಡಾಪೆಸ್ಟಿನದಕ್ಕೂ ಇದಕ್ಕೂ ಹೋಲಿಕೆ ಎಷ್ಟೆಂದು ಮಗನನ್ನು ಕೇಳಿದರೆ, ಬಣ್ಣದಲ್ಲಿ ಹದಿನಾರಾಣೆ, ರುಚಿಯಲ್ಲಿ ಹನ್ನೆರಡಾಣೆ ಎನ್ನುತ್ತಾನೆ. ಮೊಮ್ಮಗ ಈ ಪಾತ್ರೆಯ ಮುಂದೆ ಏನನ್ನೂ ಕೇಳುವುದಿಲ್ಲ; ತಾನೇ ಸೌಟು ಹಿಡಿದು ಮೊದಲು ಅಪ್ಪನಿಗೆ, ಆಮೇಲೆ ತನಗೆ ಬಡಿಸಿಕೊಳ್ಳುತ್ತಾನೆ. ಉಳಿದದ್ದು ಮಾರನೆಯ ದಿನಕ್ಕೆ ಇನ್ನೂ ಗಟ್ಟಿಯಾಗುವುದರಿಂದ, ಅರ್ಧ ಲೋಟ ಬಿಸಿನೀರು ಬೆರೆಸಿ ಕುದಿಸದೆ ಬಿಸಿಮಾಡಿಕೊಂಡರೆ ಸಾಕು.