ಗಾಜಿಗೆ ಹತ್ತಿದ ಸುಣ್ಣ

ಮನೆಗೆ ಬಂದವರು ನಮ್ಮ ಅಕ್ವೇರಿಯಂ ಮುಂದೆ ನಿಂತು ಮೀನು ನೋಡುವುದಿಲ್ಲ; ನೀರಿನ ಮಟ್ಟದಲ್ಲಿ ಗಾಜಿಗೆ ಕಟ್ಟಿಕೊಂಡ ಬಿಳಿ ಪಟ್ಟಿ ನೋಡುತ್ತಾರೆ. "ಇದನ್ನ ತೊಳೆಯೋದೇ ಇಲ್ವಾ?" ಎಂದು ಬಾಯಿಬಿಟ್ಟು ಕೇಳುವವರು ವಾಸಿ. ಉಗುರಿನಲ್ಲಿ ಒಮ್ಮೆ ಕೆರೆದು, ಉಗುರನ್ನೇ ದಿಟ್ಟಿಸಿ, ಮಾತು ಬದಲಿಸುವವರಿದ್ದಾರಲ್ಲ, ಅವರನ್ನು ಸಹಿಸುವುದು ಕಷ್ಟ.

ಅದು ಕೊಳೆಯಲ್ಲ ಸ್ವಾಮಿ, ಸುಣ್ಣ. ಬೆಂಗಳೂರಿನಲ್ಲಿ ಕಾವೇರಿ ಬಾರದ ಬಡಾವಣೆಗಳಿಗೆ ಬೋರ್‌ವೆಲ್ಲೇ ಗತಿ. ಬಂಡೆಯ ಸಂದಿನಿಂದ ಬಂದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಅವು ಹೋಗುವುದಿಲ್ಲ. ಇಳಿದಷ್ಟಕ್ಕೂ ಬೋರ್ ನೀರನ್ನೇ ಸುರಿಯುತ್ತಿದ್ದರೆ ಗಡಸುತನ ಏರುತ್ತಲೇ ಇರುತ್ತದೆ. ಆವಿಯಾದ ಪಾಲಿಗೆ ಮಳೆನೀರನ್ನೋ ಆರ್‌ಓ ನೀರನ್ನೋ ತುಂಬಬೇಕು. ಪಟ್ಟಿ ತೆಗೆಯಲು ವಿನೆಗರ್ ಸಾಕು. ನೀರನ್ನು ಪಟ್ಟಿಗಿಂತ ಕೆಳಗಿಳಿಸಿ, ವಿನೆಗರ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಗಾಜಿಗೆ ಅಂಟಿಸಿ, ಅರ್ಧ ಗಂಟೆ ಬಿಟ್ಟು ಬ್ಲೇಡಿನಲ್ಲಿ ಕೆರೆದರಾಯಿತು. ಸೋಪನ್ನು ಹತ್ತಿರ ಸುಳಿಯಗೊಡಬಾರದು. ತೊಟ್ಟಿ ಅಕ್ರಿಲಿಕ್ಕಿನದಾದರೆ ಬ್ಲೇಡೂ ಬೇಡ.

ಇಷ್ಟು ವಿವರಿಸಿದರೂ ನನ್ನ ಸೋದರತ್ತೆಗೆ ಸಮಾಧಾನವಿಲ್ಲ. ತೀರ್ಥಹಳ್ಳಿ ಕಡೆಯವರು. ನಮ್ಮ ಮನೆಯ ಸಾರು ಉಂಡ ದಿನದಿಂದ ಈ ನೀರಿನ ಮೇಲೆ ಅವರಿಗೆ ಹಗೆ. "ನಿಮ್ಮೂರಲ್ಲಿ ಯಾರ ಬೇಳೆಯೂ ಬೇಯಲ್ಲ ಮಾರಾಯ" ಎನ್ನುತ್ತಾರೆ.

ಮಾತು ಸುಳ್ಳಲ್ಲ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವುದು ಪೆಕ್ಟಿನ್. ಗಡಸು ನೀರಿನ ಕ್ಯಾಲ್ಸಿಯಂ ಆ ಪೆಕ್ಟಿನ್ನನ್ನು ಮತ್ತಷ್ಟು ಬಿಗಿಯುತ್ತದೆ. ಕುಕ್ಕರ್ ಕೂಗಿ ಕೂಗಿ ಸುಸ್ತಾದರೂ ಬೇಳೆ ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಮೆತ್ತಗಾಗುತ್ತದೆ, ಆದರೆ ಬಿ1 ಜೀವಸತ್ವ ಹಾಳು, ರುಚಿಯೂ ಅಷ್ಟಕ್ಕಷ್ಟೆ. ಹಳ್ಳಿಗಳಲ್ಲಿ ಬಾವಿಗೆ ಹೆಸರು ಬರುತ್ತಿದ್ದುದೇ ಬೇಳೆಯಿಂದ. ಬಟ್ಟೆಗೆ, ದನಕ್ಕೆ ಯಾವ ಬಾವಿಯಾದರೂ ನಡೆದೀತು. ಬೇಳೆ ಬೇಯುವ ನೀರಿಗಾಗಿ ಹೆಂಗಸರು ಕೊಡ ಹೊತ್ತು ದೂರ ನಡೆಯುತ್ತಿದ್ದರು. ಆ ನಡಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಸಾರಿನ ರುಚಿಯನ್ನು ಮಾತ್ರ ಹೊಗಳಿದರು.

ತಮಾಷೆ ಎಂದರೆ, 2019ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಪಡೆದ ತೊಗರಿ ಕಲಬುರಗಿಯದು. ಶಹಾಬಾದ್ ಕಲ್ಲಿನ ಜಿಲ್ಲೆ, ವಾಡಿಯ ಸಿಮೆಂಟಿನ ಜಿಲ್ಲೆ, ಅಂದರೆ ಸುಣ್ಣದಕಲ್ಲಿನ ನೆಲ. ಸುಣ್ಣದ ಸೀಮೆಯಲ್ಲೇ ಹುಟ್ಟಿ ಬೆಳೆದ ತೊಗರಿ, ಪಾತ್ರೆಗೆ ಬಿದ್ದೊಡನೆ ತವರಿನವರ ಜೊತೆ ಸೇರಿಕೊಂಡು ನಮ್ಮ ಮೇಲೆ ಹಟ ಹೂಡುತ್ತದೆ. ಇದನ್ನೆಲ್ಲ ಹೇಳಿದರೆ ಅತ್ತೆ ಊಟ ಮುಗಿಸಿ, ವೀಳ್ಯದೆಲೆಗೆ ಸುಣ್ಣ ಸವರುತ್ತಲೇ ನಮ್ಮ ಸುಣ್ಣದ ನೀರನ್ನು ಬೈಯುತ್ತಾರೆ.

ಮೊನ್ನೆ ಮೀನುಗಳ ಮೇಲಿನ ಕನಿಕರದಿಂದ ತಮ್ಮ ಬಾವಿಯ ಮೆದು ನೀರನ್ನೇ ಕ್ಯಾನಿನಲ್ಲಿ ತುಂಬಿಸಿಕೊಂಡು ಬಂದರು. ಅಮೆಜಾನಿನ ನಿಯಾನ್ ಟೆಟ್ರಾ ಆಗಿದ್ದರೆ ಮೆದು ನೀರಿಗೆ ಹಿಗ್ಗುತ್ತಿತ್ತು. ನಮ್ಮವು ಗಪ್ಪಿ, ಮೋಲಿ. ಗಡಸು ನೀರೇ ಅವಕ್ಕೆ ಹಿತ. ಜೊತೆಗಿರುವ ಬಸವನಹುಳಕ್ಕೂ ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು.

"ಅತ್ತೆ, ಇದು ಮೀನಿಗೆ ಬೇಡ" ಎಂದು ಕ್ಯಾನನ್ನು ಸೀದಾ ಅಡುಗೆಮನೆಗೆ ಒಯ್ದು, ಬೇಳೆ ನೆನೆಹಾಕಿದೆ.