ಕೈ ಉಳೀಬೇಕು: ಬನ್ನಿಮಂಟಪದ ದಿನಚರಿ

29 ಸೆಪ್ಟೆಂಬರ್ 2025, ಸೋಮವಾರ

ಇಂದು ವಿಶ್ವ ಹೃದಯ ದಿನ. ದಸರೆಯ ಬಿಡುವಿನಲ್ಲಿ ಮುಂದಿನ ವರ್ಷದ ಗುರಿ ಬರೆಯಲು ಕೂತೆ. ಲಕ್ವ, ಹೃದಯಾಘಾತ ಕಡಿಮೆಯಾಗಬೇಕು ಎಂಬುದು ಆಸೆ. ಬೆಳಿಗ್ಗೆ ಮೈಸೂರಿನ ಬನ್ನಿಮಂಟಪದ ನನ್ನ ಕ್ಲಿನಿಕ್ಕಿನ ಬಾಗಿಲು ತೆಗೆದೊಡನೆ ಏನು ಮಾಡಬೇಕೆಂದು ಆ ಆಸೆ ಹೇಳಿಕೊಡುವುದಿಲ್ಲ. 2025ರ ಹೊತ್ತಿಗೆ 7.5 ಕೋಟಿ ಬಿಪಿ, ಶುಗರ್ ರೋಗಿಗಳಿಗೆ ಕ್ರಮವಾದ ಚಿಕಿತ್ಸೆ ಸಿಗಬೇಕೆಂದು ಕೇಂದ್ರ ಸರ್ಕಾರ 2023ರ ಮೇ 17ರಂದು ಗುರಿ ಇಟ್ಟುಕೊಂಡಿತು. ಆ ದೊಡ್ಡ ಲೆಕ್ಕದಲ್ಲಿ ನನ್ನ ಪಾಲೆಂದರೆ ನನ್ನ ಬೆಂಚಿನ ಮೇಲೆ ಬಂದು ಕೂರುವವರು. ಹಾಗಾಗಿ ಹೀಗೆ ಬರೆದೆ: ಕೆಮ್ಮಿಗೆ ಬರಲಿ, ಮಂಡಿನೋವಿಗೆ ಬರಲಿ, ಮೂವತ್ತು ದಾಟಿದ ಎಲ್ಲರ ಬಿಪಿ ನೋಡುವುದು. ಹೆಚ್ಚಿದ್ದವರ ಹೆಸರನ್ನು ರಿಜಿಸ್ಟರಿಗೆ ಏರಿಸುವುದು. ತಿಂಗಳ ಕೊನೆಗೆ ಎಷ್ಟು ಮಂದಿ 140/90ಕ್ಕಿಂತ ಕೆಳಗಿದ್ದಾರೆಂದು ಎಣಿಸುವುದು.

1 ಅಕ್ಟೋಬರ್, ಬುಧವಾರ

ಆಯುಧಪೂಜೆ. ಸ್ಟೆತಾಸ್ಕೋಪಿಗೂ ಬಿಪಿ ಯಂತ್ರಕ್ಕೂ ಕುಂಕುಮವಿಟ್ಟು ಮಂಗಳಾರತಿ ಮಾಡಿದೆವು. ಅಷ್ಟರಲ್ಲಿ ಊದುಬತ್ತಿ ಹೊಸೆಯುವ ಅಮ್ಮ ಒಬ್ಬರು ಬಂದರು. ಬಿಪಿ 170/100. “ತಲೆಸುತ್ತು ನಿಂತೋಯ್ತಲ್ಲ ಡಾಕ್ಟ್ರೇ, ಇನ್ಯಾಕೆ ಅಂತ ಮಾತ್ರೆ ಬಿಟ್ಬಿಟ್ಟೆ” ಎಂದರು. ಇಲ್ಲಿ ಬಂದು ಕಾದರೆ ಅಷ್ಟು ಹೊತ್ತಿನ ಕೂಲಿ ಹೋಗುತ್ತದೆ. “ನಿಮಗೇನಾಗಬೇಕಮ್ಮ?” ಎಂದು ಕೇಳಿದೆ. ಅವರ ಅಕ್ಕನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆಯಂತೆ. “ನಂಗೆ ಕೈ ಉಳೀಬೇಕು ಡಾಕ್ಟ್ರೇ.” ರಿಜಿಸ್ಟರಿನಲ್ಲಿ 140/90ರ ಪಕ್ಕ ಆ ಮಾತನ್ನೇ ಬರೆದೆ. ಇನ್ನು ಪ್ರತಿಯೊಬ್ಬರನ್ನೂ ಈ ಪ್ರಶ್ನೆ ಕೇಳಬೇಕು. ದಿನವೂ ಮಾತ್ರೆ ನುಂಗಬೇಕಾದವರು ಅವರು. ಗುರಿ ಅವರದೂ ಆಗಬೇಡವೇ?

3 ಅಕ್ಟೋಬರ್, ಶುಕ್ರವಾರ

ನಿನ್ನೆ ಜಂಬೂಸವಾರಿ, ರಾತ್ರಿ ಪಂಜಿನ ಕವಾಯತು. ಇಂದು ಗುರಿಯ ಪುಟ ತಿದ್ದಿದೆ. ತಿದ್ದುವಾಗ ನೆನಪಾದದ್ದು ಇದು: 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ, ಮುಂದೆ ಎಚ್.ಡಿ. ಕೋಟೆಯ ಆದಿವಾಸಿಗಳ ನಡುವೆ ಕೆಲಸಕ್ಕೆ ನಿಂತರು. ಅವರ ಸೇವೆಗೆ ಇಂಥ ಊರು, ಇಂಥ ಜನ ಎಂಬುದಿತ್ತು. ನನ್ನ ಗುರಿಗೂ ಅದು ಬೇಕು. ನನ್ನ ಜನ ಕೂಲಿ ಬಿಟ್ಟು ಬರಲಾರದವರು. ಆದ್ದರಿಂದ ಮಂಗಳವಾರ, ಶುಕ್ರವಾರ ಸಂಜೆ ಏಳರ ಮೇಲೆ ಬಿಪಿಯವರಿಗೇ ಮೀಸಲು. ಮಾತ್ರೆ ಮುಗಿದು ವಾರವಾದರೂ ಬಾರದವರಿಗೆ ಫೋನ್. ದಿನಕ್ಕೆ 5 ಗ್ರಾಂ ಒಳಗೆ ಉಪ್ಪು, ಉಪ್ಪಿನಕಾಯಿಯದೂ ಸೇರಿ ಎಂದು ಪ್ರತಿ ಸಲವೂ ಹೇಳುವುದು.

ಯಾರ ಬಿಪಿ ಎಷ್ಟು ಇಳಿದೀತು ಎಂಬುದು ಪೂರ್ತಿ ನನ್ನ ಕೈಲಿಲ್ಲ. ಅಳೆಯುವುದು, ಕೇಳುವುದು, ಬಾರದವರನ್ನು ಕರೆಯುವುದು ನನ್ನ ಕೈಲಿದೆ. ತಿಂಗಳ ಕೊನೆಗೆ ಮೊದಲು ಇವಕ್ಕೆ ಲೆಕ್ಕ ಕೊಟ್ಟು, ಆಮೇಲೆ 140/90ರ ಪಟ್ಟಿ ತೆಗೆಯುತ್ತೇನೆ.